ಸೋಮವಾರಕ್ಕೆ ಉಳಿದ ಸಾಲ

ನಾರಾಯಣಪೇಟೆಯ ಚೌಕದಲ್ಲಿ ಸೀರೆ ಅಂಗಡಿ ಇಟ್ಟಿರುವ ವೀರಬಸಮ್ಮ ಬ್ಯಾಂಕಿನ ಸಾಲ ತೀರಿಸಿದ್ದು ಹಲ್ಲು ಕಚ್ಚಿ. ಕೊರೊನಾದಲ್ಲಿ ಅಂಗಡಿ ಮುಚ್ಚಿ ಕಂತುಗಳು ತಪ್ಪಿದ್ದವು. ಲೋಕ ಅದಾಲತ್ತಿನಲ್ಲಿ ರಾಜಿಪತ್ರಕ್ಕೆ ಸಹಿ ಹಾಕಿ, ಮೂರು ವರ್ಷ ಒಂದು ತಿಂಗಳೂ ಬಿಡದೆ ಕಟ್ಟಿದಳು. ಕೊನೆಯ ರಸೀದಿ ಕೈಗೆ ಬಂದ ವಾರವೇ ಗದ್ವಾಲದ ಬಸ್ಸು ಹತ್ತಿ, ರಾಜೋಳಿಯಲ್ಲಿ ಮಾರಾಟಕ್ಕಿದ್ದ ನಾಲ್ಕು ಮಗ್ಗ ನೋಡಿ ಬಂದಳು. ಇನ್ನೊಬ್ಬರ ಮಾಲು ಮಾರಿದ್ದು ಸಾಕು, ತನ್ನ ಮಗ್ಗದಲ್ಲೇ ನೇಯಿಸಬೇಕು. ಅದಕ್ಕೆ ಮೂರು ಲಕ್ಷ ಬೇಕು.

ಬ್ಯಾಂಕಿನ ಮ್ಯಾನೇಜರ್ ನರಸಿಂಹುಲು ಕಂಪ್ಯೂಟರ್ ನೋಡಿ ಅಡ್ಡಡ್ಡ ತಲೆಯಾಡಿಸಿದ. "ಸಾಲ ಮುಟ್ಟೈತಿ, ಸುಳ್ಳಲ್ಲಮ್ಮ. ಆದ್ರ ತಪ್ಪಿದ ಕಂತೂ ಇದರಾಗ ಕುಂತಾವು. ಮತ್ತ ಸ್ವಲ್ಪ ಸಾಲ ತಗೊಂಡು, ಕಟ್ಟಿ ತೋರಸ್ರಿ." ಇಪ್ಪತ್ತು ಸಾವಿರ ಠೇವಣಿ ಇರಿಸಿಕೊಂಡು ಅದರ ಮೇಲೊಂದು ಕ್ರೆಡಿಟ್ ಕಾರ್ಡ್ ಕೊಡಿಸಿದ.

ಮಕ್ತಲದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮೈದುನ ಲಿಂಗಣ್ಣ ನಕ್ಕ. "ನಾ ಬ್ಯಾಂಕಿನ ಒಂದು ರೂಪಾಯಿ ಮುಟ್ಟಿದವನಲ್ಲ. ನೀವು ಸುಟ್ಟುಕೊಂಡ್ರೂ ಮತ್ತ ಸಾಲ ಮಾಡಾಕ ಹೊಂಟೀರಿ ನೋಡ್ರಿ ಅತ್ತಿಗಿ." ವೀರಬಸಮ್ಮನಿಗೆ ಮೈಯೆಲ್ಲ ಉರಿಯಿತು.

ಅವಳ ತವರಿನಲ್ಲೊಂದು ಕಟ್ಟಳೆ: ಸೋಮವಾರ ಲಿಂಗಪೂಜೆಗೆ ಕೂರುವಾಗ ಮನೆಯಲ್ಲಿ ಬಿಡಿಗಾಸಿನ ಸಾಲವೂ ಇರಬಾರದು. ಆ ಮೂರು ವರ್ಷ ಸಾಲ ಇಟ್ಟುಕೊಂಡು ಪೂಜೆಗೆ ತಲೆ ತಗ್ಗಿಸಿ ಕೂತದ್ದೇ ಅವಳಿಗೆ ಸಾಕುಬೇಕಾಗಿತ್ತು. ಹಾಗಾಗಿ ಕಾರ್ಡಿನಲ್ಲಿ ಅಂಗಡಿಗೆ ಮಾಲು ಕೊಂಡರೆ ಭಾನುವಾರವೇ ಫೋನಿನಲ್ಲಿ ಚುಕ್ತಾ. ಎಂಟು ತಿಂಗಳು ಹೀಗೇ ನಡೆಸಿ, ಎದೆಯುಬ್ಬಿಸಿಕೊಂಡು ಬ್ಯಾಂಕಿಗೆ ಹೋದಳು.

"ಬಿಲ್ಲು ಹುಟ್ಟೋ ಮೊದಲೇ ಕಟ್ಟೀರಲ್ಲಮ್ಮ," ಅಂದ ನರಸಿಂಹುಲು. "ಎಂಟೂ ಬಿಲ್ಲು ಸೊನ್ನಿ. ಕೊಟ್ಟು ತಗೊಂಡ ಗುರುತೇ ಇಲ್ಲ. ಬಿಲ್ಲು ಬರೋತನಕ ತಡೀರಿ, ಆಮ್ಯಾಲ ಇಪ್ಪತ್ತೆರಡನೇ ತಾರೀಖಿನ ಗಡುವಿಗೆ ಕಟ್ರಿ."

"ನಡುವ ಸೋಮವಾರ ಬರ್ತೈತಲ್ರೀ."

"ಬರಲಿ. ಶಿವಗೂ ಗಡುವು ಹೇಳಿಬಿಡ್ರಿ."

ಎಂಥ ಮಾತು ಆಡಿದ ಮಹಾನುಭಾವ! ಆದರೆ ಮಗ್ಗ ಬೇಕಲ್ಲ. ಮುಂದಿನ ಸೋಮವಾರ ವೀರಬಸಮ್ಮ ನಾಲ್ಕು ಸಾವಿರದ ಸಾಲ ಇಟ್ಟುಕೊಂಡೇ ಪೂಜೆಗೆ ಕೂತಳು. ಕಣ್ಣು ತುಂಬಿ ಬಂತು. "ಇಪ್ಪತ್ತೆರಡಕ್ಕ ಕಟ್ತೀನಿ, ನೋಡ್ತಿರು," ಎಂದು ದೇವರಿಗೆ ನೇರವಾಗಿಯೇ ಹೇಳಿದಳು. ಇಪ್ಪತ್ತೆರಡಕ್ಕೆ ಕಟ್ಟಿದಳು. ನಾಲ್ಕನೇ ತಿಂಗಳಿಗೆ ಅಳುಕು ಹೋಗಿ ಮಂತ್ರ ಸರಾಗವಾಗಿ ಬರತೊಡಗಿತು.

ಒಂದು ವರ್ಷ ಕಳೆಯಿತು. ಬ್ಯಾಂಕಿನವರು ಜಾಮೀನು ಕೇಳಿಯಾರೆಂದು ಅವಳು ಮಕ್ತಲಕ್ಕೆ ಮೂರು ಸಲ ಎಡತಾಕಿ ಲಿಂಗಣ್ಣನನ್ನು ಒಪ್ಪಿಸಿದಳು. ಅವನು ಇಸ್ತ್ರಿ ಧೋತರ ಉಟ್ಟು, ದೊಡ್ಡ ಉಪಕಾರ ಮಾಡುವವನಂತೆ ಬ್ಯಾಂಕಿಗೆ ಬಂದ.

ನರಸಿಂಹುಲು ಕಂಪ್ಯೂಟರ್ ನೋಡಿದ. "ಮೂರು ಲಕ್ಷ ಆತಮ್ಮ. ಜಾಮೀನು ಬ್ಯಾಡ. ನಿಮ್ಮ ಹೆಸರೇ ಸಾಕು."

ವೀರಬಸಮ್ಮನಿಗೆ ಆ ಮಾತನ್ನು ಇನ್ನೊಮ್ಮೆ ಕೇಳಬೇಕೆನಿಸಿತು, ಆದರೆ ಬಿಂಕ ಬಿಡಲಿಲ್ಲ. ಪಕ್ಕದಲ್ಲಿ ಲಿಂಗಣ್ಣ ಕೆಮ್ಮಿದ. "ಅಂಗಡಿ ದೊಡ್ಡದು ಮಾಡಾಕ ನನಗೂ ಎರಡು ಲಕ್ಷ ಬೇಕಾಗಿತ್ರಿ ಸಾಹೇಬ್ರ."

ನರಸಿಂಹುಲು ಅವನ ಆಧಾರ್ ಇಸಿದುಕೊಂಡು ಹುಡುಕಿದ. "ನಿಮ್ಮ ಹೆಸರಿಗೆ ಏನೂ ಇಲ್ಲ. ಕೆಟ್ಟದ್ದೂ ಇಲ್ಲ, ಒಳ್ಳೇದೂ ಇಲ್ಲ. ಯಾರಾದ್ರೂ ಜಾಮೀನು ನಿಂತ್ರ ನೋಡಬಹುದು."

ಲಿಂಗಣ್ಣ ನೆಲ ನೋಡಿದ, ಆಮೇಲೆ ಅತ್ತಿಗೆಯನ್ನು ನೋಡಿದ. ವೀರಬಸಮ್ಮ ಮ್ಯಾನೇಜರ್ ತರಿಸಿಕೊಟ್ಟಿದ್ದ ಚಹಾ ನಿಧಾನವಾಗಿ ಕುಡಿದು ಮುಗಿಸಿದಳು.

"ಮೈದುನನ ಜಾಮೀನಿಗೆ ಎಲ್ಲಿ ಸಹಿ ಮಾಡಬೇಕ್ರಿ?" ಎಂದು ಪೆನ್ನು ಕೇಳಿದಳು.