ಹೊಳೆಯಾಚೆಯ ಮನೆ

ಒಟಿಲಿಯಾ ಹದಿನಾರಕ್ಕೇ ಶಾಲೆ ಬಿಟ್ಟವಳು. ಮೂರು ವರ್ಷ ಪ್ರವಾಸ ಕಂಪನಿಯ ಟಿಕೆಟ್ ಮೇಜಿನ ಹಿಂದೆ ಕೂತು, ಬರುವವರನ್ನೂ ಹೋಗುವವರನ್ನೂ ನೋಡಿ ನೋಡಿಯೇ ಕೆಲಸ ಕಲಿತಿದ್ದಳು. ನಾಲ್ಕು ಜನರೆದುರು ಮಾತಾಡಬೇಕೆಂದರೆ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಇವತ್ತು ಹನ್ನೊಂದು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಹಳೇ ಯೆಹೂದಿ ಕೇರಿ ಕಾಜಿಮಿಯೆಶ್‌ನ ಬೀದಿಗಳಲ್ಲಿ ನಡೆಸುತ್ತಿದ್ದಳು. ಯಜಮಾನ ತೆಯೊಫಿಲ್ ಎಲ್ಲರ ಹಿಂದೆ ಕೈಕಟ್ಟಿಕೊಂಡು ಬರುತ್ತಿದ್ದ. ಅವನ ಮನಸ್ಸಿಗೆ ಬಂದರೆ ನಾಳೆಯಿಂದ ಅವಳು ಗೈಡ್, ಇಲ್ಲದಿದ್ದರೆ ಮತ್ತೆ ಅದೇ ಮೇಜು.

"ಇಲ್ಲಿ ತೆಗೆದ ಸಿನಿಮಾ ಬಗ್ಗೆ ಹೇಳು ಹುಡುಗಿ, ಜನ ಬರೋದೇ ಅದಕ್ಕೆ. ಇತಿಹಾಸ ಉಪ್ಪಿನಕಾಯಿ ಇದ್ದ ಹಾಗೆ, ತಟ್ಟೆ ತುಂಬ ಬಡಿಸಬೇಡ," ಎಂದು ಬೆಳಿಗ್ಗೆಯೇ ಹೇಳಿದ್ದ.

ಮರದ ಬಾಲ್ಕನಿಗಳ ಅಂಗಳಕ್ಕೆ ಬಂದಾಗ ಒಟಿಲಿಯಾ ಫೈಲಿನಿಂದ ಚಿತ್ರವೊಂದನ್ನು ತೆಗೆದು ಗೋಡೆಗೆ ಹಿಡಿದಳು. ಸಿನಿಮಾದಲ್ಲಿ ನಾಜಿ ಸೈನಿಕರು ಯೆಹೂದಿಗಳ ಪೆಟ್ಟಿಗೆಗಳನ್ನು ಕೆಳಗೆ ಎಸೆದದ್ದು ಈ ಬಾಲ್ಕನಿಯಿಂದಲೇ. ಎಲ್ಲರೂ ಫೋಟೋ ತೆಗೆದುಕೊಂಡರು. ಹೈಫಾದಿಂದ ಬಂದಿದ್ದ ಎಲ್ಕಾನಾ ಎಂಬ ಮುದುಕ ಮಾತ್ರ ತೆಗೆಯಲಿಲ್ಲ. ಟೋಪಿ ಸರಿಮಾಡಿಕೊಂಡು ಮೆಟ್ಟಿಲ ಬಳಿ ಹೋಗಿ, ಜೇಬಿನಿಂದ ಒಂದು ಸಣ್ಣ ಕಲ್ಲು ತೆಗೆದ.

"ಇದೇ ನೋಡಮ್ಮ," ಎಂದ ತಾಯಿಯಿಂದ ಕಲಿತ ಹಳೇ ಪೋಲಿಷ್‌ನಲ್ಲಿ. "ನಮ್ಮ ಚಿಕ್ಕಮ್ಮ ಗಿತ್ಲಾಳನ್ನ ಎಳಕೊಂಡು ಹೋಗಿದ್ದು ಇಲ್ಲಿಂದ್ಲೇ. ನಮ್ಮವರು ಸಮಾಧಿ ಮೇಲೆ ಕಲ್ಲು ಇಡ್ತಾರೆ, ಅವಳಿಗೆ ಸಮಾಧಿನೇ ಇಲ್ಲ. ನಮ್ಮಮ್ಮನ ಸಮಾಧಿ ಮೇಲಿಂದ ಈ ಕಲ್ಲು ತಂದಿದೀನಿ. ಸಿನಿಮಾ ನೋಡಿದ ದಿನಾನೇ ಈ ಮೆಟ್ಟಿಲು ಗುರುತು ಸಿಕ್ತು."

ಅವನ ಇನ್ನೊಂದು ಕೈಯಲ್ಲಿ ಗಿತ್ಲಾಳ ವಿಳಾಸದ ಚೀಟಿ ಅರ್ಧ ಬಿಚ್ಚಿಕೊಂಡಿತ್ತು. ಒಟಿಲಿಯಾಳ ಕಣ್ಣು ಅದರ ಮೇಲೆ ನಿಂತಿತು. ಹಳೆಯ ಕೈಬರಹದಲ್ಲಿದ್ದ ಬೀದಿಯ ಹೆಸರು ಲಿಮಾನೋವ್‌ಸ್ಕಿ. ಆ ಬೀದಿ ಇರುವುದು ಹೊಳೆಯ ಆಚೆ, ಪೊದ್ಗುಜೆಯಲ್ಲಿ.

ಯೆಹೂದಿಗಳು ತಲೆತಲಾಂತರದಿಂದ ಬದುಕಿದ್ದು ಈ ದಂಡೆಯಲ್ಲಿ. ಯುದ್ಧ ಬಂದಾಗ ನಾಜಿಗಳು ಅವರನ್ನು ಆಚೆ ದಂಡೆಗೆ ಅಟ್ಟಿ, ಗೋಡೆ ಕಟ್ಟಿ, ಅಲ್ಲಿಂದ ರೈಲು ಹತ್ತಿಸಿದರು. ಸಿನಿಮಾದವರು ಬರುವ ಹೊತ್ತಿಗೆ ಆಚೆ ದಂಡೆ ಬಣ್ಣ ಬಳಿದುಕೊಂಡಿತ್ತು. ಹಳೇ ಮುಖ ಉಳಿದಿದ್ದ ಈಚೆ ದಂಡೆಯಲ್ಲೇ ಕ್ಯಾಮೆರಾ ಇಟ್ಟರು. "ಒಯ್ದಿದ್ದು ಆ ದಂಡೆಯಿಂದ, ಅಳೋದು ಈ ದಂಡೇಲಿ" ಎಂಬುದು ಗೈಡುಗಳ ಒಳಗಿನ ತಮಾಷೆ. ಅಳುವವರನ್ನು ಯಾರೂ ತಿದ್ದುವುದಿಲ್ಲ. ಅದು ಕಸುಬಿನ ಕಟ್ಟಳೆ.

ಮುದುಕ ಕಲ್ಲಿಡಲು ಬಾಗಿದ. ಹಿಂದಿನಿಂದ ತೆಯೊಫಿಲ್ ಏನೂ ಹೇಳಬೇಡವೆಂದು ಅವಳಿಗೆ ತಲೆಯಾಡಿಸಿದ.

"ತಾತ, ಇಲ್ಲಿ ಇಡಬೇಡಿ," ಎಂದಳು ಒಟಿಲಿಯಾ. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. ಇನ್ನೊಮ್ಮೆ ಹೇಳಿದಳು. "ಇದು ಬರೀ ಸಿನಿಮಾದ ಜಾಗ. ನಿಮ್ಮ ಚೀಟೀಲಿರೋ ಮನೆ ಸೇತುವೆ ದಾಟಿದ ಮೇಲೆ ಬರುತ್ತೆ."

ಮುದುಕ ಬಾಲ್ಕನಿ ನೋಡಿದ, ಚೀಟಿ ನೋಡಿದ, ಆಮೇಲೆ ಅವಳನ್ನು ನೋಡಿದ.

"ಮತ್ತೆ ಇಷ್ಟು ವರ್ಷ ನನ್ನ ಕನಸಲ್ಲಿ ಬರ್ತಿದ್ದಿದ್ದು?"

"ಅದು ನನಗೆ ಗೊತ್ತಿಲ್ಲ. ಆ ಮನೆ ಗೊತ್ತು. ಬನ್ನಿ, ಕರಕೊಂಡು ಹೋಗ್ತೀನಿ."

ತೆಯೊಫಿಲ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹತ್ತು ಜನ ನಿಂತಿದಾರೆ. ನೀನು ಒಬ್ಬರಿಗೋಸ್ಕರ ಹೊಳೆ ದಾಟ್ತೀಯಾ?" ಎಂದ.

"ಹೂಂ."

"ಸರಿ, ಫೈಲು ಇಲ್ಲಿ ಕೊಡು. ನಾಳೆ ಟಿಕೆಟ್ ಮೇಜಿಗೆ ಬಾ."

ಕೊಟ್ಟಳು.

ಮುದುಕನ ಕಾಲಿನ ಲೆಕ್ಕಕ್ಕೆ ಹೊಳೆ ದಾಟಿ ಹೋಗಲು ಅರ್ಧ ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಅವನು ಸಿಟ್ಟಾಗಿಯೇ ಇದ್ದ. ಲಿಮಾನೋವ್‌ಸ್ಕಿ ಬೀದಿಯ ಆ ಮನೆಗೆ ಬಾಲ್ಕನಿ ಇರಲಿಲ್ಲ. ಹಳದಿ ಬಣ್ಣ, ಕೆಳಗೊಂದು ಹೆಂಗಸರ ಕ್ಷೌರದಂಗಡಿ, ಎದುರಿಗೆ ಟ್ರಾಮ್ ಗಡಗಡ.

"ಇಲ್ಲಿ ಏನಾಯ್ತು, ಹೇಳು," ಎಂದ.

"ಗೊತ್ತಿಲ್ಲ ತಾತ. ಈ ಮನೆ ಬಗ್ಗೆ ಯಾರೂ ಏನೂ ಬರೆದಿಲ್ಲ."

ಅವನು ಕಲ್ಲನ್ನು ಹೊಸಿಲ ಮೂಲೆಗೆ ಇಟ್ಟ. ಅಂಗಡಿಯೊಡತಿ ಬೊಜೆನಾ ಬಾಚಣಿಗೆ ಕೈಯಲ್ಲಿ ಹಿಡಿದೇ ಹೊರಬಂದು ನೋಡಿದಳು. ಒಟಿಲಿಯಾ ಎರಡು ಮಾತಲ್ಲಿ ವಿಷಯ ತಿಳಿಸಿದಳು.

"ಅಯ್ಯೋ, ಅಲ್ಲಿ ಬೇಡ, ದಿನಾ ಪೊರಕೆ ಆಡುತ್ತೆ. ಕಿಟಕಿ ಕಟ್ಟೆ ಮೇಲಿಡಿ, ನಾನು ನೋಡ್ಕೋತೀನಿ," ಎಂದು ಬೊಜೆನಾ ಒಳಗಿನಿಂದ ಕುರ್ಚಿ ತಂದು ಹಾಕಿದಳು. "ಕೂತ್ಕೊಳ್ಳಿ ತಾತ. ನಿಮ್ಮ ಚಿಕ್ಕಮ್ಮ ಹೇಗಿದ್ರು?"

ಮುದುಕ ಕಲ್ಲನ್ನು ಮೇಲಿಟ್ಟು ಕೂತ. ಅವನ ಕಣ್ಣು ಅವಳ ಕೈಲಿದ್ದ ಬಾಚಣಿಗೆಯ ಮೇಲಿತ್ತು.

"ಕಳ್ಳಿ," ಎಂದ ತಡೆದು ತಡೆದು. "ನಮ್ಮಮ್ಮನ ಬಾಚಣಿಗೆ ಕದ್ದು, ತನ್ನ ತಲೇಲೇ ಸಿಕ್ಕಿಸ್ಕೊಂಡು, ನಾನು ನೋಡೇ ಇಲ್ಲ ಅಂತ ಆಣೆ ಹಾಕ್ತಿದ್ಲಂತೆ. ಇದು ಯಾವ ಸಿನಿಮಾದಲ್ಲೂ ಇಲ್ಲ. ನಮ್ಮಮ್ಮ ಹೇಳಿದ್ದು. ನಾನೇ ಮರೆತುಬಿಟ್ಟಿದ್ದೆ."

"ಸಿಕ್ಕಿಬಿದ್ದಾಗ ಏನಂತಿದ್ರು?" ಎಂದು ಒಟಿಲಿಯಾ ಕೇಳಿದಳು.

"ಕೂದಲೇ ಕದ್ದಿದ್ದು, ನಾನಲ್ಲ ಅಂತಿದ್ಲಂತೆ."

ಮೊದಲು ನಕ್ಕವಳು ಬೊಜೆನಾ. ಮುದುಕನೂ ನಕ್ಕ. ಒಟಿಲಿಯಾ ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು.