ಅರಾನಾಮಿಯ ಕೂಗು

"ಇನ್ನೊಂದ್ಸಲ. ಈಗ ಪೂರ್ತಿ ದನಿ ಬಿಡಿ ಕುಜಿ-ಸಾನ್, ಗೊಣಗಿದ್ದು ಸಾಕು," ಎಂದು ನಿರ್ದೇಶಕ ಸಾಕಾಕಿ ಗಾಜಿನ ಆಚೆಯಿಂದ ಹೇಳಿದ.

ತೊಮೊಎ ಕುಜಿ ಮೈಕಿನ ಮುಂದೆ ತಲೆಯಾಡಿಸಿದಳು. ಅರವತ್ತರ ಹತ್ತಿರ ಬಂದಿದ್ದ ಈ ಹೆಂಗಸೇ ಟಿ.ವಿ. ಕಾರ್ಟೂನಿನ ಹುಡುಗ ಹಯಾಸೆಯ ದನಿ ಎಂದರೆ ಟೋಕಿಯೋದ ರೈಲಿನಲ್ಲಿ ಪಕ್ಕ ಕೂತವರೂ ನಂಬುತ್ತಿರಲಿಲ್ಲ. ಹಯಾಸೆ ಅಂಗೈಗಳ ನಡುವೆ ಬೆಳಕನ್ನು ಉಂಡೆಗಟ್ಟಿಸಿ 'ಅ-ರಾ-ನಾ-ಮೀ', ಅಂದರೆ ಅಬ್ಬರದ ಅಲೆ, ಎಂದು ಕೂಗಿ ಎಸೆದನೆಂದರೆ ಗುಡ್ಡಗಳು ಪುಡಿಯಾಗುತ್ತಿದ್ದವು. ಆ ಹೊಡೆತಕ್ಕಾಗಿಯೇ ಮಕ್ಕಳು ಟಿ.ವಿ. ಮುಂದೆ ಕಾಯುತ್ತಿದ್ದರು. ಹಿಂದೆ ಅವನ ಜೊತೆ ಕೂಗಿ ಬೆಳೆದವರ ಮಕ್ಕಳೂ ಈಗ ಕೂಗುತ್ತಿದ್ದರು.

ವಸಂತದಲ್ಲಿ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. "ಮಾತಾಡಿ, ಬೇಕಾದ್ರೆ ಹಾಡು ಗುನುಗಿ. ಕಿರುಚಿದ್ರೆ ಮಾತ್ರ ಇರೋ ದನೀನೂ ಹೋಗುತ್ತೆ," ಎಂದಿದ್ದರು ವೈದ್ಯರು. ಅವಳು ಸ್ಟುಡಿಯೋದಲ್ಲಿ ನೆಗಡಿ ಎಂದು ಹೇಳಿ ರಜೆ ಹಾಕಿದ್ದಳು. ಅದೃಷ್ಟಕ್ಕೆ ಕಥೆಯಲ್ಲಿ ಹಯಾಸೆಯೂ ಗಾಯಗೊಂಡು ಮಲಗಿದ್ದ. ಇವತ್ತು ಅವನು ಎದ್ದು ನಿಲ್ಲಬೇಕಿತ್ತು.

ಪಕ್ಕದ ಮೈಕಿನಲ್ಲಿ ಎಪ್ಪತ್ತು ದಾಟಿದ ಒಗಿನುಮಾ ನಿಂತಿದ್ದ. ಹಯಾಸೆಯ ವೈರಿ ಗೋಂಡೊನಿಗೆ ಮೊದಲಿನಿಂದಲೂ ಅವನದೇ ದನಿ. "ನಿನ್ನ ಕೈಲಿ ಎಷ್ಟು ಸಲ ಸತ್ತಿದ್ದೀನೋ! ಇವತ್ತಾದ್ರೂ ಸ್ವಲ್ಪ ಮರ್ಯಾದೆಯಾಗಿ ಕೊಲ್ಲಮ್ಮ," ಎಂದ. ಅವಳಿಗೆ ನಗು ಬರಲಿಲ್ಲ.

ಕೆಂಪು ದೀಪ ಹೊತ್ತಿತು. ಪರದೆಯ ಮೇಲೆ ಹಯಾಸೆ ಕುಂಟುತ್ತ ಎದ್ದ. ತೊಮೊಎ ಉಸಿರು ತುಂಬಿಕೊಂಡು ಕೂಗಿದಳು. ಮೊದಲ ಎರಡು ಅಕ್ಷರ ಹೊರಟವು. ಮೂರನೆಯದಕ್ಕೆ ದನಿ ಹರಿದು, ಬರಿಯ ಗಾಳಿ ಬಂತು. ಗಂಟಲಲ್ಲಿ ಚುಳ್ಳೆಂದಿತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

ಬಾಗಿಲು ತೆರೆದು ಸಾಕಾಕಿ ಒಳಗೆ ಬಂದ. "ಏನಾಯ್ತು?"

"ಗಂಟಲು ಕೊಯ್ಸಿದ್ದೆ," ಎಂದಳು ಮೆಲ್ಲಗೆ. "ನಿಮಗೆ ಸುಳ್ಳು ಹೇಳಿದ್ದೆ."

"ಮೊದ್ಲೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಹಯಾಸೆನ ಇನ್ನೊಬ್ಬರಿಗೆ ಕೊಟ್ಟುಬಿಡ್ತಿದ್ರಿ."

ಸಾಕಾಕಿ ತಿರುಗಿ ಗಾಜಿನ ಆಚೆ ನಡೆದ. ಹಳೆಯ ಧ್ವನಿಮುದ್ರಣದಿಂದ ಅವಳದೇ ಕೂಗನ್ನು ಹುಡುಕಿಸಿ ಚಿತ್ರಕ್ಕೆ ಹೊಂದಿಸಿ ಹಾಕಿಸಿದ. ಇಡೀ ಕೋಣೆ ಅದುರಿತು. ಎಂಥ ದನಿ! ತೊಮೊಎಗೆ ಹೊಟ್ಟೆಕಿಚ್ಚಾಯಿತು, ಅದೂ ತನ್ನ ಮೇಲೆಯೇ. ಆದರೆ ಪರದೆಯ ಮೇಲಿನ ಹುಡುಗನಿಗೆ ನಿಲ್ಲುವುದಕ್ಕೂ ತ್ರಾಣವಿರಲಿಲ್ಲ.

"ಅವನು ಹೀಗೆ ಕೂಗಲ್ಲ," ಎಂದಳು. "ಇವತ್ತು ಅವನ ಕೈಲಿ ಆಗಲ್ಲ. ಮೆಲ್ಲಗೆ ಹೇಳ್ತೀನಿ. ಒಂದೇ ಸಲ ಬಿಡಿ."

"ಮಕ್ಕಳು ಕೂಗೋಕೆ ಅಂತ ವಾರಪೂರ್ತಿ ಕಾಯ್ತಾರೆ, ಕುಜಿ-ಸಾನ್."

"ಸಾಯೋನು ನಾನು ತಾನೆ?" ಎಂದ ಒಗಿನುಮಾ. "ಯಾವುದಕ್ಕೆ ಬೀಳ್ಬೇಕು ಅಂತ ನಾನು ಹೇಳ್ತೀನಿ. ದೀಪ ಹಾಕಪ್ಪ."

ದೀಪ ಹೊತ್ತಿತು. ತೊಮೊಎ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದಳು. ಅರಾನಾಮಿ, ಎಂದಳು, ದಣಿದ ಹುಡುಗ ಬಾಗಿಲಲ್ಲಿ ನಿಂತು ಅಮ್ಮನನ್ನು ಕರೆದ ಹಾಗೆ. ಗೋಂಡೊ ಅಬ್ಬರಿಸಬೇಕೆಂದು ಸ್ಕ್ರಿಪ್ಟಿನಲ್ಲಿ ಬರೆದಿತ್ತು. ಒಗಿನುಮಾ ಅಬ್ಬರಿಸಲಿಲ್ಲ, "ಆಹ್" ಎಂದು ಒಂದು ಉಸಿರು ಬಿಟ್ಟ, ಅಷ್ಟೆ. ಪರದೆಯ ಮೇಲೆ ಬೆಳಕು ಹಬ್ಬಿ, ಗುಡ್ಡ ಕಾಣದಾಯಿತು.

ಗಾಜಿನ ಆಚೆ ಸಾಕಾಕಿ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದ.

"ಇದೇ ಇರ್ಲಿ," ಎಂದ ಸಾಕಾಕಿ ಕೊನೆಗೆ. "ಮುಂದಿನ ವಾರದ್ದು ಗೊತ್ತಿಲ್ಲ. ಕಂಪನಿಯವರಿಗೆ ನಾನು ಹೇಳ್ಲೇಬೇಕಾಗುತ್ತೆ."

"ಹೇಳಿ," ಎಂದಳು.

ಮಧ್ಯಾಹ್ನ ಒಗಿನುಮಾ ಅವಳನ್ನು ಸ್ಟೇಷನ್ ಪಕ್ಕದ ಸೋಬಾ ನೂಡಲ್ಸ್ ಅಂಗಡಿಗೆ ಕರೆದೊಯ್ದ. ಅಂಗಡಿಯ ಹೆಂಗಸು ಏನು ಬೇಕೆಂದು ಕೇಳಿದಾಗ ತೊಮೊಎ ಬಾಯಿ ತೆರೆಯದೆ ಗೋಡೆಯ ಮೇಲೆ ಬರೆದ ತಿನಿಸಿನ ಹೆಸರೊಂದನ್ನು ತೋರಿಸಿದಳು. "ಇವರಿಗೆ ಅದು, ಈರುಳ್ಳಿ ಸೊಪ್ಪು ಜಾಸ್ತಿ," ಎಂದ ಒಗಿನುಮಾ. ಬಟ್ಟಲು ಬಂತು. ಅವಳು ಸಾರು ಆರುವವರೆಗೂ ಕಾದು, ಮೊದಲ ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು, ಆಮೇಲೆ ನುಂಗಿದಳು.