ಬ್ರೇಕಿಲ್ಲದ ಸೀಟು

ಮೇಷ್ಟ್ರು ಮೂರನೆಯ ಸಲ ಜೇಬು ತಡಕಿಕೊಂಡರು. ಅಂಗಿಯ ಜೇಬು, ಪ್ಯಾಂಟಿನ ಎರಡು ಜೇಬು, ಕೋಟಿನ ಒಳಜೇಬು. ಬಾಡಿಗೆ ಕಾರಿನ ಕೌಂಟರಿನ ಹಿಂದಿದ್ದ ಕನ್ನಡಕದ ಹುಡುಗಿ ತಾಳ್ಮೆಯಿಂದ ಕಾಯುತ್ತಿದ್ದಳು. ಅವಳ ಮುಂದೆ ಮೇಷ್ಟ್ರ ಪಾಸ್‌ಪೋರ್ಟ್ ಇತ್ತು, ಹೊರದೇಶದಲ್ಲಿ ಗಾಡಿ ಓಡಿಸಬಹುದೆಂದು ಊರಿನ ಕಚೇರಿ ಕೊಟ್ಟ ಪರವಾನಗಿ ಪುಸ್ತಕವಿತ್ತು. ಆದರೆ ಅದರ ಜೊತೆಗೆ ಮೂಲ ಲೈಸೆನ್ಸೂ ಬೇಕು, ಅದಿಲ್ಲದಿದ್ದರೆ ಈ ಪುಸ್ತಕ ಬರೀ ಕಾಗದ ಎಂದು ಆ ಹುಡುಗಿ ಎರಡು ಸಲ ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದ್ದಳು.

ಲೈಸೆನ್ಸ್ ಎಲ್ಲಿದೆ ಎಂಬುದು ಮೇಷ್ಟ್ರ ಹೆಂಡತಿಗೆ ಅವರು ಮೊದಲನೇ ಜೇಬಿಗೆ ಕೈ ಹಾಕಿದಾಗಲೇ ಹೊಳೆದಿತ್ತು. ಅದು ಊರಿನಲ್ಲಿ, ಮೇಷ್ಟ್ರ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ, ಒರೆಸುವ ಬಟ್ಟೆಯ ಕೆಳಗೆ ತಣ್ಣಗೆ ಮಲಗಿತ್ತು. ಮೂವತ್ತೊಂದು ವರ್ಷದಲ್ಲಿ ಮೂರು ಕಾರು ಬದಲಾದರೂ ಲೈಸೆನ್ಸಿನ ಜಾಗ ಬದಲಾಗಿರಲಿಲ್ಲ. ಆ ಕಾರು ಬಿಟ್ಟು ಬೇರೆ ಗಾಡಿಯನ್ನು ಮೇಷ್ಟ್ರು ಮುಟ್ಟುತ್ತಲೂ ಇರಲಿಲ್ಲ, ಹಾಗಾಗಿ ಅದನ್ನು ಜೇಬಿನಲ್ಲಿಟ್ಟುಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಊರಿನ ಅರ್ಧ ಜನಕ್ಕೆ ಲೈಸೆನ್ಸ್ ಮಾಡಿಸಿಕೊಟ್ಟವರು ಅವರು. ಮೂಲಪ್ರತಿ ಮರೆತು ಬಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದವರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಾಯಿತು. ಕೊನೆಗೆ ಹೆಂಡತಿಯ ಕಡೆ ತಿರುಗದೆಯೇ, ಇಲ್ಲಿಂದ ಪ್ರವಾಸಿಗಳ ಬಸ್ಸೂ ಹೋಗುತ್ತದಂತೆ, ಅದರಲ್ಲೇ ಹೋದರಾಯಿತು ಎಂದರು. ಸಮುದ್ರದ ಪಕ್ಕದ ಆ ಬೆಟ್ಟದ ರಸ್ತೆಯ ವಿಡಿಯೋಗಳನ್ನು ಅವರು ಎರಡು ವರ್ಷದಿಂದ ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ನೋಡಿದ್ದರು. ಯಾವ ತಿರುವಿನಲ್ಲಿ ಎಷ್ಟನೇ ಗೇರು ಎಂಬುದು ಬಾಯಿಪಾಠವಾಗಿತ್ತು. ಗೇರಿಲ್ಲದ ಕಾರು ಆಟದ ಸಾಮಾನು ಎಂದು ಹಟ ಹಿಡಿದು, ಗೇರಿನ ಕಾರನ್ನೇ ಹುಡುಕಿ ಗೊತ್ತುಮಾಡಿದ್ದರು.

ಊರಿನಲ್ಲಿ ಎಲ್ಲರೂ ಮೇಷ್ಟ್ರ ಹೆಂಡತಿಯನ್ನು ಟೈಲರಮ್ಮ ಎನ್ನುತ್ತಿದ್ದರು. ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿ ಅವಳದು. ಟೈಲರಮ್ಮ ಕೈಚೀಲದ ಒಳಜಿಪ್ ತೆಗೆದು, ತನ್ನ ಲೈಸೆನ್ಸನ್ನೂ ಹೊರಡುವ ಮೊದಲು ಗುಟ್ಟಾಗಿ ಮಾಡಿಸಿದ್ದ ತನ್ನದೇ ಪರವಾನಗಿ ಪುಸ್ತಕವನ್ನೂ ಕೌಂಟರಿನ ಮೇಲೆ ಜೋಡಿಸಿಟ್ಟಳು. ಹುಡುಗಿ ಅವನ್ನು ತಿರುಗಿಸಿ ನೋಡಿ, ಬುಕಿಂಗ್ ಮಾಡಿದ ಕಾರ್ಡ್ ಯಾರ ಹೆಸರಿನದು ಎಂದು ಕೇಳಿದಳು. ಅದೂ ಟೈಲರಮ್ಮನದೇ. ಹಾಗಾದರೆ ತೊಂದರೆಯೇ ಇಲ್ಲ ಎಂದು ಹುಡುಗಿ ಚಾಲಕರ ಹೆಸರು ಬದಲಾಯಿಸಿ, ಸಹಿ ಹಾಕಿಸಿಕೊಂಡು ಕೀ ಕೊಟ್ಟಳು. ಮೇಷ್ಟ್ರು ತಮ್ಮ ಪಾಸ್‌ಪೋರ್ಟ್ ಎತ್ತಿ ಜೇಬಿಗೆ ಹಾಕಿಕೊಂಡರು.

ಆ ಲೈಸೆನ್ಸಿಗೆ ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಮೇಷ್ಟ್ರೇ ಅವಳಿಗೆ ಎರಡು ಸಲ ಕಲಿಸಲು ಹೊರಟಿದ್ದರು, ಒಮ್ಮೆ ಮದುವೆಯಾದ ಹೊಸದರಲ್ಲಿ, ಇನ್ನೊಮ್ಮೆ ಮಗಳು ಹೈಸ್ಕೂಲಿಗೆ ಹೋಗುವಾಗ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರು ಕೂರುವ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದಲ್ಲ, ಅಲ್ಲಿಂದ ಶುರುವಾಗಿತ್ತು ತಾಪತ್ರಯ. ಅವಳ ಕಾಲು ಬ್ರೇಕಿನ ಕಡೆ ಹೊರಡುವ ಮೊದಲೇ ಅವರ ಬ್ರೇಕು ಬಿದ್ದಿರುತ್ತಿತ್ತು. ಖಾಲಿ ರಸ್ತೆಯಲ್ಲೂ ಬೀಳುತ್ತಿತ್ತು. ಹತ್ತು ದಿನ ಹೀಗೆ ಮುಗ್ಗರಿಸಿ ಮುಗ್ಗರಿಸಿ, ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಅವಳು ಇಳಿದು ಬಂದಿದ್ದಳು. ಆಮೇಲೆ ಮೇಷ್ಟ್ರ ಶಿಷ್ಯೆಯೇ ಒಬ್ಬಳು ಊರಿನ ಇನ್ನೊಂದು ತುದಿಯಲ್ಲಿ ಹೆಂಗಸರ ಡ್ರೈವಿಂಗ್ ಸ್ಕೂಲು ತೆರೆದಾಗ, ಮಧ್ಯಾಹ್ನ ಅಂಗಡಿ ಮುಚ್ಚಿ ಅಲ್ಲಿಗೆ ಹೋಗಿ ಇಪ್ಪತ್ತೆರಡೇ ದಿನಕ್ಕೆ ಕಲಿತಳು. ಶಾಲೆ ಶುರುವಾಗುವ ತಿಂಗಳಲ್ಲಿ ಸಮವಸ್ತ್ರದ ಗಂಟುಗಳನ್ನು ಬಾಡಿಗೆಗೆ ತಂದ ವ್ಯಾನಿಗೆ ತುಂಬಿಕೊಂಡು ಪಕ್ಕದ ಊರುಗಳ ಶಾಲೆಗಳಿಗೆ ತಾನೇ ಕೊಟ್ಟು ಬರುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ, ಅವಳಿಗೂ.

ಪಾರ್ಕಿಂಗಿನಲ್ಲಿ ಕೆಂಪು ಬಣ್ಣದ ಪುಟ್ಟ ಕಾರು ನಿಂತಿತ್ತು. ಮೇಷ್ಟ್ರು ರೂಢಿಯಂತೆ ಎಡಬಾಗಿಲು ತೆಗೆದರು. ರಸ್ತೆಯ ಬಲಕ್ಕೆ ಓಡಿಸುವ ದೇಶ ಇದು, ಅವರು ಮೂವತ್ತೊಂದು ವರ್ಷ ಕೂತ ಸೀಟಿನ ಮುಂದೆ ಸ್ಟೀರಿಂಗ್ ಬಂದು ಕೂತಿತ್ತು. ಒಂದು ಗಳಿಗೆ ನಿಂತು, ಸುತ್ತಿಕೊಂಡು ಬಲಕ್ಕೆ ಹೋಗಿ ಕೂತರು. ಅಲ್ಲಿ ಕಾಲಿನ ಕೆಳಗೆ ರಬ್ಬರ್ ಮ್ಯಾಟ್ ಬಿಟ್ಟರೆ ಏನೂ ಇರಲಿಲ್ಲ.

ಟೈಲರಮ್ಮ ಸೀಟು ಮುಂದಕ್ಕೆಳೆದುಕೊಂಡು ಗೇರಿನ ಮೇಲೆ ಕೈಯಿಟ್ಟಳು. ಇಲ್ಲಿ ಗೇರು ಬಲಗೈಗೆ ಬರುತ್ತಿತ್ತು, ಕತ್ತರಿ ಹಿಡಿಯುವ ಕೈಗೆ, ಊರಿಗಿಂತ ಇದೇ ವಾಸಿ ಅನ್ನಿಸಿತು. ಅವಳಿಗೆ ಬೆಟ್ಟವೂ ಬೇಕಿರಲಿಲ್ಲ, ಸಮುದ್ರವೂ ಬೇಕಿರಲಿಲ್ಲ. ಒಂದೇ ಒಂದು ದಿನ, ಈ ಮನುಷ್ಯ ಪಕ್ಕದಲ್ಲಿ ಕೂತಿರುವಾಗ, ಯಾರೂ ನಡುವೆ ನಿಲ್ಲಿಸದೆ ತಾನು ಗಾಡಿ ಓಡಿಸಬೇಕು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಬಾಯಿಬಿಟ್ಟು ಕೇಳದೆ ಉಳಿಸಿಕೊಂಡ ಆಸೆ ಅದೊಂದೇ.

ಊರಾಚೆ ಬರುವವರೆಗೆ ಮೇಷ್ಟ್ರು ಬಾಯಿ ಬಿಡಲಿಲ್ಲ. ಆಮೇಲೆ ಕಟ್ಟೆ ಒಡೆಯಿತು. ಕ್ಲಚ್ ಅರ್ಧ ಬಿಡು, ಕನ್ನಡಿ ನೋಡು, ಬಲಕ್ಕೆ ತೀರಾ ಹೋಗಬೇಡ, ಮುಂದಿನವನ ಹಿಂದೆ ಅಂಟಿಕೊಳ್ಳಬೇಡ. ಅವಳು ಅಷ್ಟನ್ನೂ ಮೊದಲೇ ಮಾಡಿರುತ್ತಿದ್ದಳು, ಹಾಗಾಗಿ ಹೂಂ ಹೂಂ ಎನ್ನುತ್ತ ಹೋದಳು. ಮಾತಿಗೇನು, ಮಾತಿಗೆ ಗಾಡಿ ನಿಲ್ಲುವುದಿಲ್ಲ. ಅವರ ಕಾಲು ಮಾತ್ರ ಬೇರೆಯೇ ಕೆಲಸ ಮಾಡುತ್ತಿತ್ತು. ಪ್ರತಿ ತಿರುವಿನಲ್ಲೂ ಬರೀ ಮ್ಯಾಟನ್ನು ಒತ್ತುತ್ತಿತ್ತು. ಅವಳಿಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ರಸ್ತೆ ಸಮುದ್ರದ ಅಂಚಿಗೆ ಬಂದಾಗ ಮೊದಲನೇ ದೊಡ್ಡ ಸರ್ಕಲ್ ಸಿಕ್ಕಿತು. ಸರ್ಕಲ್ಲಿನೊಳಗೆ ಇರುವವರದೇ ಮೊದಲ ಹಕ್ಕು, ಹೊರಗಿಂದ ಬರುವವರು ಬಿಳಿ ಗೆರೆಯ ಮೇಲೆ ನಿಂತು ಕಾಯಬೇಕು. ಟೈಲರಮ್ಮ ಎಡಕ್ಕೆ ನೋಡಿ, ದಾರಿ ಖಾಲಿಯಿದ್ದುದರಿಂದ ಒಳಗೆ ಹೋದಳು. ಅಷ್ಟರಲ್ಲಿ ಬಲಗಡೆಯ ರಸ್ತೆಯಿಂದ ಒಂದು ಲಾರಿ ನೇರ ಮೇಷ್ಟ್ರ ಕಿಟಕಿಯ ಕಡೆಗೇ ಬರುವಂತೆ ಬಂತು. ಅವಳು ಅದನ್ನು ನೋಡಿದ್ದಳು, ಅದು ವೇಗ ಕಡಿಮೆ ಮಾಡುತ್ತಿದ್ದುದನ್ನೂ ನೋಡಿದ್ದಳು. ಮೇಷ್ಟ್ರ ಕಾಲು ಬ್ರೇಕು ಹುಡುಕಿತು, ಸಿಗಲಿಲ್ಲ. ಕೈ ಹುಡುಕಿತು. ಎರಡು ಸೀಟಿನ ನಡುವೆ ಇದ್ದ ಹ್ಯಾಂಡ್‌ಬ್ರೇಕ್ ಹಿಡಿದು ಅವರು ಮೇಲಕ್ಕೆ ಎಳೆದುಬಿಟ್ಟರು.

ಕಾರಿನ ಹಿಂಭಾಗ ಕಿರುಚುತ್ತ ಪಕ್ಕಕ್ಕೆ ಜಾರಿತು. ಎಂಜಿನ್ ನಿಂತಿತು. ಲಾರಿ ತನ್ನ ಗೆರೆಯ ಮೇಲೆ ತಾನು ಸುಮ್ಮನೆ ನಿಂತಿತ್ತು. ಆದರೆ ಹಿಂದಿನಿಂದ ಬರುತ್ತಿದ್ದ ಕಾರು ಇವರ ಬಂಪರಿಗೆ ಒಂದು ಗೇಣು ದೂರದಲ್ಲಿ ನಿಂತು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ಟೈಲರಮ್ಮ ಮೇಷ್ಟ್ರ ಕೈಯನ್ನು ಬೆರಳು ಬೆರಳಾಗಿ ಬಿಡಿಸಿ ಹ್ಯಾಂಡ್‌ಬ್ರೇಕ್ ಇಳಿಸಿದಳು. ಕೀ ತಿರುಗಿಸಿದಳು. ಹಿಂದಿನವನಿಗೆ ಕೈಯೆತ್ತಿ ಕ್ಷಮೆ ಕೇಳಿ, ಸರ್ಕಲ್ ದಾಟಿ, ಸ್ವಲ್ಪ ಮುಂದೆ ಗಾಡಿಗಳು ನಿಲ್ಲಲೆಂದೇ ಬಿಟ್ಟಿದ್ದ ಅಗಲ ಜಾಗದಲ್ಲಿ ಕಾರು ನಿಲ್ಲಿಸಿದಳು. ಅಲ್ಲೊಂದು ಮೋಟುಗೋಡೆ, ಅದರಾಚೆ ಕೆಳಗೆ ಸಮುದ್ರ.

"ನಂಗೆ ಭಯ ಆಗ್ಲಿಲ್ಲ," ಅಂದಳು. "ಆ ಲಾರಿ ನಿಲ್ಲುತ್ತೆ ಅಂತ ಗೊತ್ತಿತ್ತು. ನಿಂತೇ ನಿಂತ್ಕೊಳ್ತು. ಇವತ್ತು ನಮ್ಮಿಬ್ರನ್ನೂ ಸಾಯಿಸ್ತಿದ್ದೋರು ನೀವು."

ಮೇಷ್ಟ್ರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು, ಅದು ಬೇರೆ ಯಾರದೋ ಎಂಬಂತೆ.

"ಮೂರು ಸಾವಿರ ಜನಕ್ಕೆ ಕಲಿಸಿದ್ರಿ. ಅವ್ರು ತಪ್ಪು ಮಾಡಿದ್ಮೇಲೆ ಬ್ರೇಕ್ ಹಾಕ್ತಿದ್ರಿ. ನಂಗೆ ಮಾತ್ರ ತಪ್ಪು ಮಾಡೋಕೆ ಮುಂಚೆನೇ ಹಾಕ್ತಿದ್ರಿ. ಯಾಕ್ರೀ?"

ಮೇಷ್ಟ್ರ ದನಿ ಕ್ಲಾಸು ತೆಗೆದುಕೊಳ್ಳುವ ದನಿಯಾಗಿರಲಿಲ್ಲ. "ಅವ್ರು ಗುದ್ದಿದ್ರೆ ಕಾರು ಹೋಗ್ತಿತ್ತು. ನೀನು ಗುದ್ದಿದ್ರೆ ನಂಗೆ ಯಾರಿದ್ರು? ಕಾಯೋಕೆ ಧೈರ್ಯ ಬರ್ಲಿಲ್ಲ ಕಣೇ."

ಆಮೇಲೆ, ಹೇಗೂ ಶುರುವಾಯಿತಲ್ಲ ಎಂಬಂತೆ, ಇನ್ನೊಂದನ್ನೂ ಹೇಳಿದರು. ವ್ಯಾನಿನ ವಿಷಯ ತಮಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಸೇತುವೆಯ ಹತ್ತಿರ ಅವಳು ಗಂಟು ತುಂಬಿಕೊಂಡು ಎದುರಿಗೆ ಬಂದಿದ್ದಳು. ಅವಳು ನೋಡುವ ಮೊದಲೇ ತಾವು ಶಿಷ್ಯನ ಸ್ಟೀರಿಂಗ್ ಹಿಡಿದು ಪಕ್ಕದ ಓಣಿಗೆ ತಿರುಗಿಸಿಬಿಟ್ಟಿದ್ದರು. "ಚೆನ್ನಾಗಿ ಓಡಿಸ್ತಿದ್ದೆ," ಅಂದರು.

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಈ ಒಂದು ಮಾತಿಗಾಗಿ ತಾನು ಕಾದಿದ್ದೆಷ್ಟು, ಇವರು ನಾಲ್ಕು ವರ್ಷ ಅದನ್ನು ಹೊಟ್ಟೆಯೊಳಗಿಟ್ಟುಕೊಂಡು ದಿನಾ ಎದುರಿಗೆ ಕೂತು ಊಟ ಮಾಡಿದರಲ್ಲ. ಉರಿಯ ಜೊತೆಗೇ ಒಂದು ಖುಷಿಯೂ ಇತ್ತು, ಆದರೆ ಅದನ್ನು ಈಗಲೇ ತೋರಿಸಲು ಅವಳಿಗೆ ಮನಸ್ಸಿರಲಿಲ್ಲ. ಚೆನ್ನಾಗಿ ಓಡಿಸುತ್ತೇನೆಂದು ಗೊತ್ತಿದ್ದವರು ಇವತ್ತು ಎಳೆದದ್ದೇಕೆ ಎಂದು ಕೇಳಿದಳು. ತಲೆಗೆ ಗೊತ್ತಿದೆ, ಕೈಕಾಲಿಗೆ ಗೊತ್ತಿಲ್ಲ ಎಂದರು ಮೇಷ್ಟ್ರು.

ಹಾಗೆಂದವರು ಬೆಲ್ಟ್ ಬಿಚ್ಚಿ ಕೆಳಗಿಳಿದರು. ಬಾಗಿಲು ಹಾಕಿ, ಕಿಟಕಿಗೆ ಬಗ್ಗಿದರು. "ಮುಂದಿನ ಸರ್ಕಲ್‌ವರೆಗೂ ಹೋಗಿ ಬಾ. ಒಬ್ಳೇ."

ಅವಳಿಗೆ ತಟ್ಟನೆ ಅರ್ಥವಾಯಿತು. ಮೇಷ್ಟ್ರ ಸ್ಕೂಲಿನಲ್ಲಿ ಕೊನೆಯ ದಿನದ ಪಾಠ ಅದು. ಊರಾಚೆಯ ರಸ್ತೆಯಲ್ಲಿ ಮೇಷ್ಟ್ರು ಇಳಿದುಬಿಡುತ್ತಿದ್ದರು. ಒಬ್ಬರೇ ಹೋಗಿ ಬಂದವರಿಗೆ ಇನ್ನು ನನ್ನ ಹತ್ತಿರ ಕೆಲಸವಿಲ್ಲ, ಹೋಗಿ ಎನ್ನುತ್ತಿದ್ದರು. ಎಷ್ಟೋ ಜನ ಅಲ್ಲೇ ಅವರ ಕಾಲಿಗೆ ಬಿದ್ದಿದ್ದರು. ಮೂರು ಸಾವಿರ ಜನಕ್ಕಾಗಿ ಇಳಿದವರು ಅವಳಿಗಾಗಿ ಒಂದು ದಿನವೂ ಇಳಿದಿರಲಿಲ್ಲ.

ಅವಳು ಇಂಡಿಕೇಟರ್ ಹಾಕಿ ಹೊರಟಳು. ರಸ್ತೆ ಏರುತ್ತ ಬೆಟ್ಟದ ಸೊಂಟ ಸುತ್ತಿಕೊಂಡು ಹೋಗುತ್ತಿತ್ತು. ಎರಡನೇ ಗೇರು, ಮೂರು, ತಿರುವಿನಲ್ಲಿ ಮತ್ತೆ ಎರಡು. ಪಕ್ಕದ ಸೀಟು ಖಾಲಿ, ಕಾರಿನೊಳಗೆ ಎಂಜಿನ್ನಿನದು ಬಿಟ್ಟರೆ ಸದ್ದಿಲ್ಲ. ತನ್ನ ಕೈ ಇಷ್ಟು ಹಗುರಾಗಿರುವುದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಮುಂದಿನ ಸರ್ಕಲ್ಲಿನಲ್ಲಿ ತಿರುಗಿ ಬರಬೇಕಾದವಳು, ಸುಮ್ಮನೆ, ಯಾರೂ ಕೇಳುವವರಿಲ್ಲವೆಂಬ ಸಂತೋಷಕ್ಕೆ ಇನ್ನೊಂದು ಸುತ್ತು ಹೊಡೆದಳು. ಬೇರೆ ಕಾರಿನವನೊಬ್ಬ ನೋಡಿ ನಕ್ಕ, ಅವಳೂ ನಕ್ಕಳು.

ಇಳಿದು ಬರುವಾಗ ರಸ್ತೆಯ ಆಚೆ ಬದಿಯಲ್ಲಿ ಮೇಷ್ಟ್ರು ಕಂಡರು. ಶಿಷ್ಯರಿಗಾಗಿ ಕಾಯುವಾಗ ಸೊಂಟದ ಮೇಲೆ ಕೈಯಿಟ್ಟು, ರಸ್ತೆಯ ಮೇಲೆ ಕಣ್ಣು ನೆಟ್ಟು ನಿಂತಿರುತ್ತಿದ್ದವರು ಇವತ್ತು ರಸ್ತೆಗೆ ಬೆನ್ನು ಹಾಕಿ ಮೋಟುಗೋಡೆಯ ಮೇಲೆ ಕೂತಿದ್ದರು. ಅವರಿದ್ದ ಬದಿಗೆ ಬರಬೇಕಾದರೆ ಲಾರಿ ಬಂದಿದ್ದ ಮೊದಲಿನ ಸರ್ಕಲ್ಲನ್ನೇ ಮತ್ತೆ ಸುತ್ತಬೇಕು. ಹೋದಳು. ಬಲಗಡೆಯಿಂದ ಈ ಸಲ ಒಂದು ಬಸ್ಸು ಬಂತು, ತನ್ನ ಗೆರೆಯ ಮೇಲೆ ನಿಂತಿತು. ಟೈಲರಮ್ಮ ಅದರ ಮುಂದೆಯೇ ನಿಧಾನವಾಗಿ ಹಾದು, ವಾಪಸು ಬಂದು, ಕಾರನ್ನು ಗೋಡೆಗೆ ಸಮನಾಗಿ ನಿಲ್ಲಿಸಿದಳು.

ಮೇಷ್ಟ್ರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. ಹೇಗಾಯಿತು ಎಂದು ಕೇಳಲಿಲ್ಲ. ಮುಂದಿನ ಬಾಗಿಲಿನ ಹಿಡಿಗೆ ಕೈ ಹಾಕಿ, ಗಾಜಿನೊಳಗಿಂದ ಕಂಡ ಹ್ಯಾಂಡ್‌ಬ್ರೇಕ್ ನೋಡುತ್ತ ಒಂದು ಗಳಿಗೆ ನಿಂತರು. ಆಮೇಲೆ ಅದನ್ನು ಬಿಟ್ಟು, ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು.

ಅವಳು ತಿರುಗಿ ನೋಡಲಿಲ್ಲ. ಬಾಗಿಲು ಸರಿಯಾಗಿ ಹಾಕಿಕೊಂಡ ಸದ್ದಾದ ಮೇಲೆ ಗೇರು ಹಾಕಿ ರಸ್ತೆಗೆ ಬಂದಳು. ಮೊದಲನೇ ತಿರುವು ಮುಗಿದು ರಸ್ತೆ ನೇರವಾದಾಗ ಒಮ್ಮೆ ಕನ್ನಡಿಯ ಕಡೆ ಕಣ್ಣು ಹೋಯಿತು. ಹಿಂದಿನ ಸೀಟಿನಲ್ಲಿ ಮೇಷ್ಟ್ರು ಕಿಟಕಿಯ ಗಾಜು ಪೂರ್ತಿ ಇಳಿಸಿ, ಮೊಣಕೈ ಹೊರಗಿಟ್ಟುಕೊಂಡು, ಗಾಳಿಗೆ ಕಣ್ಣು ಕಿರಿದು ಮಾಡಿ ಸಮುದ್ರ ನೋಡುತ್ತಿದ್ದರು.